ಒಣಗಿಸಬಹುದು, ಕೆಡಿಸುವಂತಿಲ್ಲ

ನೆರೆಯವನ ಬಾವಿ ಬತ್ತಿಸಿದರೆ ತಪ್ಪಿಲ್ಲ, ಹೊಲಸು ಮಾಡಿದರೆ ತಪ್ಪು: ನಮ್ಮ ಬಾವಿಗಳಿಗೆ ವಸಾಹತು ಕಾಲದಿಂದ ಬಂದ ಕಾನೂನಿನ ತಿರುಳು ಇಷ್ಟೇ. ಬೇರು ಇಂಗ್ಲೆಂಡಿನದು. ಪಕ್ಕದವರು ಕಲ್ಲಿದ್ದಲು ಗಣಿ ತೋಡಿ ಹತ್ತಿಗಿರಣಿಯೊಂದರ ಬಾವಿ ಒಣಗಿದಾಗ, 1843ರ ಆಕ್ಟನ್-ಬ್ಲಂಡೆಲ್ ಮೊಕದ್ದಮೆಯಲ್ಲಿ ಗಿರಣಿಯವನಿಗೆ ಪರಿಹಾರ ಸಿಗಲಿಲ್ಲ. 1885ರ ಬಲ್ಲಾರ್ಡ್-ಟಾಮ್ಲಿನ್ಸನ್ ಮೊಕದ್ದಮೆಯಲ್ಲಿ ಮುದ್ರಕನೊಬ್ಬ ತನ್ನ ಬಾವಿಗೇ ಕೊಳಚೆ ಬಿಟ್ಟಿದ್ದ. ಅದು ಬಿಯರ್ ತಯಾರಕನ ಬಾವಿಗೆ ಸೇರಿತು. ಮೇಲ್ಮನವಿ ನ್ಯಾಯಾಲಯ ಮುದ್ರಕನನ್ನೇ ಹೊಣೆ ಮಾಡಿತು. ಕೊಳೆಯ ಮಾತು ಬಂದಾಗ ಎರಡೂ ಬಾವಿಗಳ ನೀರು ಒಂದೇ, ಪ್ರಮಾಣದ ಮಾತು ಬಂದಾಗ ಬೇರೆ ಬೇರೆ! ಈ ಎರಡು ತೀರ್ಪುಗಳ ನಡುವೆ, 1882ರಲ್ಲಿ, ಭಾರತದ ಈಸ್‌ಮೆಂಟ್ಸ್ ಕಾಯ್ದೆ ಬಂತು. ಮೊದಲು ಮದ್ರಾಸ್ ಪ್ರಾಂತ್ಯ, ಕೊಡಗು ಮುಂತಾದ ಕಡೆ ಜಾರಿಯಾದ ಅದು, ಗೊತ್ತಾದ ಹರಿವಿನ ಜಾಡಿಲ್ಲದ ನೆಲದಡಿಯ ನೀರನ್ನು ತನ್ನ ಎಲ್ಲೆಯೊಳಗೆ ಸಂಗ್ರಹಿಸಿ ಬಳಸುವ ಹಕ್ಕನ್ನು ಭೂಮಾಲೀಕನಿಗೆ ಕೊಟ್ಟಿತು.

ಈ ಹಕ್ಕು ಬಹುಕಾಲ ಯಾರಿಗೂ ದೊಡ್ಡ ಹಾನಿ ಮಾಡಲಿಲ್ಲ ಎಂಬುದನ್ನು ಒಪ್ಪಬೇಕು. ಏತ, ಕಪಿಲೆಗಳ ಕಾಲದಲ್ಲಿ ಎತ್ತು ದಣಿಯುತ್ತಿತ್ತು, ಹಗ್ಗಕ್ಕೆ ಅಳತೆಯಿತ್ತು. ಕಾಯ್ದೆ ಹಾಕದ ಮಿತಿಯನ್ನು ಅವು ಹಾಕುತ್ತಿದ್ದವು. ರಿಗ್ಗು ಮತ್ತು ಸಬ್‌ಮರ್ಸಿಬಲ್ ಪಂಪು ಬಂದ ಮೇಲೆ ಆ ಮಿತಿ ಕಳಚಿತು, ಹಕ್ಕು ಹಾಗೆಯೇ ಉಳಿಯಿತು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದ ಕಡೆ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದು ಹೀಗೆ. ಕರ್ನಾಟಕ 1999ರಲ್ಲಷ್ಟೇ ಕಾಯ್ದೆ ತಂದು, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಹೊಸ ಬಾವಿ ತೋಡಲು ಅನುಮತಿ ಬೇಕೆಂದಿತು. ಗಟ್ಟಿ ಕಲ್ಲಿನ ಬಿರುಕುಗಳಲ್ಲಿ ಹರಿಯುವ ನೀರಿಗೆ ಮೀಟರಿನ ಲೆಕ್ಕ ಎಲ್ಲಿಯದು ಎಂದು ಭೂವಿಜ್ಞಾನಿ ಕೇಳಬಹುದು. ಸರಿಯಾದ ಮಾತೇ. ಆದರೆ ಬಿರುಕನ್ನು ಅಳೆಯುವುದು ಗ್ರಾಮಲೆಕ್ಕಿಗನಿಗೆ ಸಾಧ್ಯವಿಲ್ಲ, ದೂರವನ್ನು ಟೇಪು ಹಿಡಿದು ಅಳೆಯಬಹುದು. ಒರಟು ನಿಯಮವಾದರೂ ಜಾರಿ ಮಾಡಬಲ್ಲದ್ದು.

ರೈತನ ಆಕ್ಷೇಪ ಇದಕ್ಕಿಂತ ತೂಕದ್ದು. ಸಾಲ ಮಾಡಿ ಬೋರ್ ಹಾಕಿಸುವವನು ಅವನು, ನೀರು ಬಾರದಿದ್ದರೆ ಮುಳುಗುವವನೂ ಅವನೇ; ಅಂಥವನನ್ನು ತಡೆಯಲು ಸರ್ಕಾರಕ್ಕೇನು ಅಧಿಕಾರ? ಆದರೆ ಅವನ ಸಾಲವನ್ನು ನುಂಗುವುದು ಪಕ್ಕದ ಹೊಲದಲ್ಲಿ ಇನ್ನೂ ಆಳಕ್ಕಿಳಿದ ಬೋರೇ ಅಲ್ಲವೆ? ಆಕ್ಟನ್ ಮೊಕದ್ದಮೆಯ ನ್ಯಾಯ ಅವನನ್ನು ಕಾಯುವುದಿಲ್ಲ. ಅನುಮತಿ ಪದ್ಧತಿಯ ನಿಜವಾದ ದೋಷ ಬೇರೆ: ಮೊದಲು ಕೊರೆಸಿದ ಉಳ್ಳವನು ಉಳಿಯುತ್ತಾನೆ, ತಡವಾಗಿ ಬಂದ ಬಡವ ಹೊರಗೆ ನಿಲ್ಲುತ್ತಾನೆ. ರಾಜ್ಯದ 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಹಳೆಯ ಬಳಕೆದಾರರೂ ನೋಂದಾಯಿಸಬೇಕೆಂದು ಹೇಳಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ 2008ರಿಂದ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಕೊಡುತ್ತಿರುವ ಸರ್ಕಾರವೂ ಇದೇ. ಕೊರೆಯುವುದಕ್ಕೆ ಚೀಟಿ ಕೇಳಿ, ಎತ್ತುವುದಕ್ಕೆ ಲೆಕ್ಕ ಕೇಳದೆ ಹೋದರೆ 1882ರ ಹಕ್ಕು ಬೇರೆ ಹೆಸರಿನಲ್ಲಿ ಮುಂದುವರಿದಂತೆಯೇ.