ಕನಸು ಬರೆದಿಟ್ಟ ಸುಲ್ತಾನ

ಬೆಳಗಿನ ಜಾವ ಬಿದ್ದ ಕನಸು ಖರೇ ಆಗತೈತಿ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಖರೇ ಆಗುವ ಮಾತು ಆಮೇಲೆ ಇರಲಿ, ಅದು ನೆನಪಿನಲ್ಲಿ ಉಳಿಯುವುದೇ ಕಷ್ಟ. ಕಣ್ಣು ಬಿಟ್ಟಾಗ ಎಲ್ಲ ಇರುತ್ತದೆ. ಹಾಸಿಗೆ ಸುತ್ತಿಟ್ಟು ಮುಖ ತೊಳೆದು ಬರುವುದರೊಳಗೆ ಅರ್ಧ ಹೋಗಿರುತ್ತದೆ. ಚಹಾ ಕುಡಿಯುವ ಹೊತ್ತಿಗೆ ‘ಏನೋ ಕನಸು ಬಿದ್ದಿತ್ತಲ್ಲ’ ಅನ್ನುವುದಷ್ಟೇ ಉಳಿಯುತ್ತದೆ.

ಇದರಿಂದ ನನಗೆ ಒಂದು ನಷ್ಟ ಆಗಿದೆ. ನಮ್ಮವ್ವ ಬೀಸುವಾಗ ಹಾಡುತ್ತಿದ್ದ ಪದಗಳಲ್ಲಿ ಒಂದು ದೊಡ್ಡ ಪದ ಇತ್ತು. ನಾನು ಊರು ಬಿಟ್ಟು ಈ ಕುಂಕಳ್ಳಿಗೆ ಬಂದು ಗದ್ದೆ ಮಾಡಲು ಹಿಡಿದ ಮೇಲೆ ಅದನ್ನು ಹಾಡುವವರೂ ಇಲ್ಲ, ಕೇಳುವವರೂ ಇಲ್ಲ. ಅವ್ವ ತೀರಿಕೊಂಡಳು, ಪದ ಅರ್ಧಕ್ಕೆ ನಿಂತಿತು. ಆದರೆ ವರ್ಷದಲ್ಲಿ ಒಮ್ಮೆಯೋ ಎರಡು ಸಲವೋ ಅವಳು ಕನಸಿನಲ್ಲಿ ಬೀಸುಕಲ್ಲಿನ ಮುಂದೆ ಕುಂತು ಪೂರಾ ಪದ ಹಾಡುತ್ತಾಳೆ. ಎದ್ದರೆ ಒಂದು ನುಡಿಯೂ ಬಾಯಿಗೆ ಬರುವುದಿಲ್ಲ. ಈ ಸಂಕಟವನ್ನು ಒಬ್ಬ ಮಾಸ್ತರರ ಮುಂದೆ ಹೇಳಿಕೊಂಡೆ. ಅವರು, ‘ನೀವು ಟಿಪ್ಪು ಸುಲ್ತಾನನ ಕನಸಿನ ಪುಸ್ತಕದ ಸಂಗತಿ ಕೇಳೀರೇನು?’ ಅಂದರು. ಆಗ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಟಿಪ್ಪುವಿನ ಬಗ್ಗೆ ನಮ್ಮ ನಾಡಿನಲ್ಲಿ ಎರಡು ಮಾತು ಇವೆ. ಆ ಜಗಳ ಇಲ್ಲಿ ಬೇಡ. ಅವನು ಕನಸು ಕಂಡು ಬರೆದಿಟ್ಟದ್ದು ಮಾತ್ರ ಖರೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಕೋಟೆಯಲ್ಲೇ ಸತ್ತ. ಆಮೇಲೆ ಇಂಗ್ಲಿಷರು ಅರಮನೆ ಶೋಧಿಸಿದಾಗ ಗುಟ್ಟಿನ ಕಾಗದಗಳ ನಡುವೆ ಒಂದು ಸಣ್ಣ ಪುಸ್ತಕ ಕರ್ನಲ್ ಕರ್ಕ್‌ಪ್ಯಾಟ್ರಿಕ್ ಎಂಬವನ ಕೈಗೆ ಸಿಕ್ಕಿತು. ಫಾರ್ಸಿ ಭಾಷೆ, ಸುಲ್ತಾನನ ಸ್ವಂತ ಕೈಬರಹ. ಅಲ್ಲೇ ಇದ್ದ ಅವನ ಮುನ್ಶಿ ಹಬೀಬುಲ್ಲಾನಿಗೆ ಇಂಥದೊಂದು ಪುಸ್ತಕ ಇದೆ ಎಂದು ಗೊತ್ತಿತ್ತು, ಆದರೆ ಕಣ್ಣಿಂದ ಕಂಡಿರಲಿಲ್ಲ. ಸುಲ್ತಾನ ಅದನ್ನು ಓದುವಾಗ, ಬರೆಯುವಾಗ ಯಾರಾದರೂ ಹತ್ತಿರ ಬಂದರೆ ಮುಚ್ಚಿಟ್ಟುಬಿಡುತ್ತಿದ್ದನಂತೆ. 1800ರಲ್ಲಿ ಆ ಪುಸ್ತಕ ಲಂಡನ್ನಿನ ಕಂಪನಿಯ ದೊಡ್ಡವರಿಗೆ ಕಾಣಿಕೆಯಾಗಿ ಹೋಯಿತು. ಈಗ ಅಲ್ಲಿಯ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಮ್ಮ ಗಿರೀಶ ಕಾರ್ನಾಡರು ‘ಟಿಪ್ಪು ಸುಲ್ತಾನ್ ಕಂಡ ಕನಸು’ ಎಂಬ ನಾಟಕ ಬರೆದದ್ದು ಇದನ್ನೇ ಹಿಡಿದುಕೊಂಡು.

ಅದರಲ್ಲಿ 37 ಕನಸುಗಳಿವೆ. ಸುಮಾರು 1785ರಿಂದ 1798ರವರೆಗೆ ಬಿದ್ದವು. ಹದಿಮೂರು ವರ್ಷಕ್ಕೆ 37 ಅಂದರೆ ವರ್ಷಕ್ಕೆ ಮೂರು ಕೂಡ ಇಲ್ಲ. ಬಿದ್ದದ್ದನ್ನೆಲ್ಲ ಬರೆಯಲಿಲ್ಲ, ಮನಸ್ಸಿಗೆ ತಾಗಿದ್ದನ್ನು ಬರೆದ ಅಂತ ನಾನು ತಿಳಿಯುತ್ತೇನೆ. ತಾನೇ ಮಾಡಿಕೊಂಡಿದ್ದ ಪಂಚಾಂಗದ ಪ್ರಕಾರ ತಾರೀಖು ಹಾಕಿದ್ದಾನೆ.

ಎರಡು ಮೂರು ಕನಸು ಹೇಳುತ್ತೇನೆ. ಒಂದರಲ್ಲಿ ಚೀನಾ ದೇಶದ ಬಾದಶಹ ಬಿಳಿ ಆನೆ ಕಳಿಸಿಕೊಟ್ಟಿದ್ದಾನೆ. ಇನ್ನೊಂದರಲ್ಲಿ ದೊಡ್ಡ ಗುಡಿ, ಅದರ ಹಿಂಭಾಗ ಸ್ವಲ್ಪ ಬಿದ್ದಿದೆ. ಒಳಗಿನ ಮೂರ್ತಿಗಳ ಕಣ್ಣು ಅಲುಗಾಡುತ್ತವೆ, ಎರಡು ಹೆಣ್ಣುಮೂರ್ತಿ ಎದ್ದು ಮಾತಾಡುತ್ತವೆ. ಸುಲ್ತಾನ ಗುಡಿ ದುರಸ್ತಿ ಮಾಡಿರೆಂದು ತನ್ನವರಿಗೆ ಹೇಳುತ್ತಾನೆ. ಮೂರನೆಯದು ನಮ್ಮ ಕಡೆಯದೇ. 1786ರಲ್ಲಿ ಸವಣೂರಿನ ಹತ್ತಿರ ಮರಾಠರ ಮೇಲೆ ರಾತ್ರಿ ದಾಳಿ ಮಾಡುವ ಮುಂಚೆ ಬಿದ್ದದ್ದು. ಒಬ್ಬ ಚೆಲುವ ಹುಡುಗ ಬಂದು ಬಾಜೂಕ ಕೂಡುತ್ತಾನೆ. ಆಮೇಲೆ ನೋಡಿದರೆ ರುಮಾಲಿನ ಒಳಗೆ ಉದ್ದ ಕೂದಲು, ಅದು ಗಂಡು ವೇಷದ ಹೆಣ್ಣು. ವೈರಿಗಳು ಹೊರಗೆ ಗಂಡಸರು, ಒಳಗೆ ಹೆಂಗಸರು ಅಂತ ಸುಲ್ತಾನ ಅರ್ಥ ಮಾಡಿಕೊಂಡ. ಹೆಂಗಸರೆಂದರೆ ಅಂಜುವವರು ಅಂತ ಅವನ ಲೆಕ್ಕ! ಅದಾಗಿ 38 ವರ್ಷಕ್ಕೆ, 1824ರಲ್ಲಿ, ಕಿತ್ತೂರ ಚೆನ್ನಮ್ಮ ಕಂಪನಿಯ ದಂಡನ್ನೇ ಸೋಲಿಸಿದಳು. ಅದನ್ನು ನೋಡಲು ಅವನು ಇರಲಿಲ್ಲ.

ಇಲ್ಲಿ ನಾವು ಕಲಿಯುವುದು ಅವನ ಅರ್ಥವನ್ನಲ್ಲ, ಅವನ ಪದ್ಧತಿಯನ್ನು. ಕಂಡದ್ದನ್ನು ಕಂಡ ಹಾಗೆ ಬರೆದ, ಆಮೇಲೆ ತನಗೆ ತೋಚಿದ ಅರ್ಥ ಬರೆದ. ಎರಡನ್ನೂ ಕಲಸಲಿಲ್ಲ. ಅದಕ್ಕೇ ಇನ್ನೂರು ವರ್ಷ ದಾಟಿದರೂ ನಮಗೆ ಆ ಬಿಳಿ ಆನೆ ಕಾಣುತ್ತದೆ.

ಬರೆಯಲು ಬಾರದವರು ಏನು ಮಾಡಬೇಕು? ಅದಕ್ಕೂ ನಮ್ಮಲ್ಲಿ ಹಳೇ ದಾರಿ ಇದೆ. ಹನ್ನೆರಡನೇ ಶತಮಾನದ ಅಕ್ಕಮಹಾದೇವಿ ತಾನು ಕಂಡ ಕನಸನ್ನು ಇನ್ನೊಬ್ಬ ಅಕ್ಕನಿಗೆ ಹೇಳುವ ವಚನ ಹಾಡಿದ್ದಾಳೆ. ಕನಸನ್ನು ಇನ್ನೊಬ್ಬರ ಕಿವಿಗೆ ಹಾಕುವುದು ಅಂದರೆ ಅದೇ. ನಮ್ಮವ್ವನೂ ಬೀಸುಕಲ್ಲಿನ ಆ ಕಡೆ ಕುಂತವಳಿಗೆ ‘ಏ ತಂಗಿ, ರಾತ್ರಿ ಏನ್ ಕನಸು ಬಿತ್ತಂದ್ರ’ ಅಂತ ಶುರು ಮಾಡುತ್ತಿದ್ದಳು. ಹೇಳಿದ ಕನಸು ಉಳಿಯುತ್ತಿತ್ತು. ಹಿಟ್ಟಿನ ಗಿರಣಿ ಬಂತು, ನಸುಕಿನಲ್ಲಿ ಎದುರುಬದುರು ಕೂಡುವುದು ತಪ್ಪಿತು.

ಹಿರಿಯರ ಬೆಳಗಿನ ಜಾವದ ಮಾತಿನಲ್ಲೂ ಅರ್ಧ ಸತ್ಯ ಇದೆ. 1953ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಅಸೆರಿನ್‌ಸ್ಕಿ, ಕ್ಲೈಟ್‌ಮನ್ ಎಂಬ ಇಬ್ಬರು ಒಂದು ಸಂಗತಿ ಪ್ರಕಟಿಸಿದರು. ಮಲಗಿದವರ ಕಣ್ಣುಗುಡ್ಡೆ ರೆಪ್ಪೆಯ ಒಳಗೆ ಕೆಲವು ಹೊತ್ತು ಜೋರಾಗಿ ಹೊರಳಾಡುತ್ತದೆ. ಆಗ ಎಬ್ಬಿಸಿದರೆ ಬಹಳ ಜನ ಕನಸು ಹೇಳುತ್ತಾರೆ. ಈ ನಿದ್ದೆ ಸುಮಾರು ಒಂದೂವರೆ ತಾಸಿಗೊಮ್ಮೆ ಬರುತ್ತದೆ. ಸರುವೊತ್ತಿನಲ್ಲಿ ಚಿಕ್ಕದು, ಬೆಳಗಾಗುತ್ತಾ ದೊಡ್ಡದು. ಆದ್ದರಿಂದ ಉದ್ದನೆಯ, ಬಣ್ಣದ ಕನಸು ಜಾವದಲ್ಲೇ ಹೆಚ್ಚು, ಎದ್ದಾಗ ನೆನಪಿರುವುದೂ ಅದೇ. ನಿದ್ದೆಗೆಟ್ಟು ನಸುಕಿನಲ್ಲೇ ಎದ್ದು ಓಡುವವನು ಆ ಪಾಲನ್ನು ಕಳೆದುಕೊಳ್ಳುತ್ತಾನೆ. ಫೆಣಿ ಕುಡಿದು ಮಲಗಿದವನಿಗೂ ರಾತ್ರಿಯ ಮೊದಲ ಅರ್ಧದಲ್ಲಿ ಕನಸಿನ ನಿದ್ದೆ ಕಡಿಮೆಯಾಗುತ್ತದೆ.

ಇದೆಲ್ಲ ತಿಳಿದ ಮೇಲೆ ನಾನು ಹೀಗೆ ಮಾಡಲು ಹಿಡಿದೆ. ಹೊತ್ತಿಗೆ ಸರಿಯಾಗಿ ಮಲಗುವುದು. ಮಲಗುವಾಗ ‘ಬಿದ್ದ ಕನಸು ನೆನಪಿಡತೀನಿ’ ಅಂತ ಮನಸ್ಸಿಗೆ ಹೇಳುವುದು. ತಲೆದಿಂಬಿನ ಹತ್ತಿರ ಪಟ್ಟಿ, ಪೆನ್ಸಿಲ್ ಇಡುವುದು. ಎಚ್ಚರಾದಾಗ ಮಗ್ಗುಲು ಬದಲಿಸದೆ, ಕಣ್ಣು ಬಿಡದೆ ಹಾಗೇ ಇರುವುದು. ಕೊನೆಗೆ ಕಂಡದ್ದನ್ನು ಹಿಡಿದು, ಅದಕ್ಕಿಂತ ಮುಂಚೆ ಏನು, ಅದಕ್ಕಿಂತ ಮುಂಚೆ ಏನು ಅಂತ ಹಿಂದಕ್ಕೆ ನಡೆಯುವುದು. ಆಮೇಲೆ ಬರೆಯುವುದು, ಇಲ್ಲವೇ ಮನೆಯವರಿಗೆ ಹೇಳುವುದು.

ಹಿಂದಕ್ಕೆ ನಡೆಯುವುದನ್ನು ಈ ಊರಿನವರಿಗೆ ಕಲಿಸಬೇಕಾಗಿಲ್ಲ. ಪೋರ್ತುಗೀಸರ ಕಾಲದಲ್ಲಿ ಇಲ್ಲಿಯ ಶಾಂತಾದುರ್ಗೆ ಫಾತರ್ಪಾಕ್ಕೆ ಹೋದಳು. ವರ್ಷಕ್ಕೊಮ್ಮೆ ಫಾಲ್ಗುಣ ಪಂಚಮಿಗೆ ಹನ್ನೆರಡು ಮನೆತನದ ಹನ್ನೆರಡು ಛತ್ರಿ ಹಿಡಿದು, ಗುಲಾಲು ಎರಚುತ್ತಾ ಅವಳನ್ನು ಕುಂಕಳ್ಳಿಯ ಮೂಲ ಜಾಗಕ್ಕೆ ಕರೆತರುತ್ತಾರೆ. ನಾನೂ ರಸ್ತೆ ಬದಿಗೆ ನಿಂತು ಎಷ್ಟೋ ಸಲ ನೋಡಿದ್ದೇನೆ. ನಾನೂರು ವರ್ಷದ ಹಿಂದಿನದು ಇನ್ನೂ ನೆನಪಿದೆ ಅಂದರೆ, ಬಂದ ದಾರಿಯನ್ನು ಮತ್ತೆ ಮತ್ತೆ ತುಳಿದದ್ದಕ್ಕೇ.

ಒಂದು ಎಚ್ಚರಿಕೆ ಹೇಳಬೇಕು. ಟಿಪ್ಪುವಿಗೆ ಮೂರು ಬೆಳ್ಳಿ ತಟ್ಟೆಗಳಲ್ಲಿ ತಾಜಾ ಖರ್ಜೂರ ಬಂದ ಹಾಗೆ ಕನಸು ಬಿತ್ತು. ಮೂವರು ವೈರಿಗಳ ರಾಜ್ಯ ನನ್ನ ಕೈಗೆ ಬರುತ್ತವೆ ಅಂತ ಅರ್ಥ ಬರೆದ. ಕಡೆಗೆ ಅವನ ರಾಜ್ಯವೇ ಹೋಯಿತು. ಅಂದಮೇಲೆ ಕನಸನ್ನು ನೆನಪಿಡಬೇಕು, ಅದನ್ನೇ ನಂಬಿ ಕೂಡಬಾರದು. ಕನಸು ನಂಬಿ ಹೊಲ ಮಾರಬ್ಯಾಡ್ರಿ, ಸೊಸಿ ಮ್ಯಾಲೆ ಸಂಶಯ ಪಡಬ್ಯಾಡ್ರಿ.

ನನ್ನ ಪಟ್ಟಿಯಲ್ಲಿ ಈಗ ಹನ್ನೊಂದು ಕನಸು ಇವೆ. ಅವುಗಳಲ್ಲಿ ಅವ್ವ ಬಂದದ್ದು ಎರಡು. ಮೊದಲನೆಯದರಲ್ಲಿ ಪದ ಸಿಗಲಿಲ್ಲ, ಅವಳ ಬಳೆಯ ಸಪ್ಪಳ, ಜೋಳದ ಹಿಟ್ಟಿನ ವಾಸನೆ ಅಷ್ಟೇ ಬರೆದಿದ್ದೇನೆ. ಎರಡನೆಯದರಲ್ಲಿ ಎರಡು ನುಡಿ ಸಿಕ್ಕವು. ಅವು ಅವ್ವನವೋ, ನಿದ್ದೆಯಲ್ಲಿ ನಾನೇ ಕಟ್ಟಿದವೋ ಹೇಳಲಾರೆ. ಟಿಪ್ಪು ಕಲಿಸಿದ ಹಾಗೆ ‘ಕನಸಿನಲ್ಲಿ ಬಂದದ್ದು’ ಅಂತ ಬೇರೆ ಬರೆದಿಟ್ಟಿದ್ದೇನೆ, ಅವಳ ಪದಕ್ಕೆ ಸೇರಿಸಿಲ್ಲ. ಹಾಡುವಾಗಲೂ ಮೊದಲು ಹಾಗೆ ಹೇಳಿಯೇ ಹಾಡುತ್ತೇನೆ.

ಮಾಸ್ತರರಿಗೆ ಒಂದು ಬಿನ್ನಹ. ಸಾಲಿಯಲ್ಲಿ ವಾರಕ್ಕೊಮ್ಮೆ ಮಕ್ಕಳಿಂದ ಒಂದು ಕನಸು ಹೇಳಿಸಿರಿ. ಮನೆಯಲ್ಲಿ ಅಜ್ಜಿಗೆ ರಾತ್ರಿ ಏನು ಕನಸು ಬಿತ್ತು ಅಂತಲೂ ಕೇಳಿ ಬರಲು ಹೇಳಿರಿ. ಅವ್ವ ಇದ್ದಾಗ ನಾನು ಕೇಳಲಿಲ್ಲ.