ಮಾರಿಷಸಿನ ಕಾರ್ಮಿಕ ಪಕ್ಷವೂ ಅಕ್ಷರವಿದ್ಯೆಯೂ

ಮಾರಿಷಸ್ ದ್ವೀಪದ ಚರಿತ್ರೆಯು ಬಹುಮಟ್ಟಿಗೆ ಕಬ್ಬಿನ ಚರಿತ್ರೆಯೇ ಆಗಿದೆ. 1835ರಲ್ಲಿ ಅಲ್ಲಿ ದಾಸ್ಯಪದ್ಧತಿಯು ರದ್ದಾದ ಕಾಲದಿಂದ ತೋಟಗಳ ದುಡಿಮೆಗೆಂದು ಕರಾರಿನ ಮೇಲೆ ಭರತಖಂಡದಿಂದ ಹೋದ ಕೂಲಿಗಳು ಸುಮಾರು ನಾಲ್ಕೂವರೆ ಲಕ್ಷ ಮಂದಿ. ಇವರ ಸಂತತಿಯವರೇ ಜನಸಂಖ್ಯೆಯಲ್ಲಿ ಅಧಿಕರಾದರೂ, 1885ರ ರಾಜ್ಯಾಂಗವು ಮತವನ್ನು ಆಸ್ತಿ ವರಮಾನಗಳಿಗೆ ಕಟ್ಟಿಹಾಕಿದ್ದುದರಿಂದ, ಆರು ದಶಕಗಳ ತರುವಾಯವೂ ದ್ವೀಪದಲ್ಲಿ ನೂರಕ್ಕೆ ಮೂವರು ಸಹ ಮತದಾರರಿರಲಿಲ್ಲ.

1936ನೆಯ ಫೆಬ್ರವರಿ 23ರಂದು ಪೋರ್ಟ್ ಲೂಯಿ ನಗರದ ಶಾಂ ದ ಮಾರ್ಸ್ ಬಯಲಿನಲ್ಲಿ ವೈದ್ಯರಾದ ಮಾರಿಸ್ ಕ್ಯೂರೆ ಅವರು ಕಾರ್ಮಿಕ ಪಕ್ಷವನ್ನು ಸ್ಥಾಪಿಸಿದರು. ಮರುವರ್ಷ, ಸಣ್ಣ ಬೆಳೆಗಾರರ ಊಬಾ ಕಬ್ಬಿನ ಬೆಲೆಯನ್ನು ನೂರಕ್ಕೆ 15ರಷ್ಟು ಇಳಿಸಲು, ಗಲಭೆಯೆದ್ದಿತು. ಯೂನಿಯನ್ ಫ್ಲಾಕ್ ತೋಟದಲ್ಲಿ ನಾಲ್ವರು ಗುಂಡಿಗೆ ಬಲಿಯಾದರು. 1938ರ ಬಂದರು ಮುಷ್ಕರದಲ್ಲಿ ಪಕ್ಷದ ಮುಖಂಡರಾದ ಎಮಾನ್ಯುಯೆಲ್ ಆಂಕೆಟಿಲ್ ಅವರು ರಾಡ್ರಿಗಸ್ ದ್ವೀಪಕ್ಕೆ ಗಡೀಪಾರಾದರು. ಪಕ್ಷಕ್ಕೆ ಜನವಿದ್ದಿತು, ಮತವಿರಲಿಲ್ಲ.

ಆ ಮತವು ಬಂದುದೆಲ್ಲಿಂದ? ಪಕ್ಷದ ಹೋರಾಟದಿಂದಲೇ ಎಂದು ಹೇಳುವುದು ವಾಡಿಕೆ. ಇದು ಅರ್ಧಸತ್ಯವೆಂದು ತೋರುತ್ತದೆ. 1947ರ ರಾಜ್ಯಾಂಗವು ಸ್ತ್ರೀಪುರುಷರಿಬ್ಬರಿಗೂ ಸರಳವಾಕ್ಯಗಳ ಓದುಬರಹವನ್ನೇ ಅರ್ಹತೆಯಾಗಿ ವಿಧಿಸಿತು. ಹಿಂದೂಸ್ಥಾನೀ, ತಮಿಳು, ತೆಲುಗು ಮೊದಲಾದ ಭಾಷೆಗಳಿಗೂ ಮನ್ನಣೆ ದೊರೆಯಿತು. ಮತದಾರರ ಸಂಖ್ಯೆ ಸುಮಾರು 12,000ದಿಂದ 72,000ಕ್ಕೆ ಏರಿತು. ಬೈಠಕಾಗಳೆಂಬ ಹಳ್ಳಿಯ ಕೂಟಗಳಲ್ಲಿ ಸಂಜೆಯ ಹೊತ್ತು ಕೂಲಿಕಾರರಿಗೆ ಅಕ್ಷರ ಕಲಿಸಿದವರಲ್ಲಿ ಅಗ್ರಗಣ್ಯರು ಜನ ಆಂದೋಲನದ ಬಾಸುದೇವ ಬಿಸೂನ್‌ದಯಾಲರು. ಅವರು ಕಾರ್ಮಿಕ ಪಕ್ಷದವರಲ್ಲ. ಅವರ ತಮ್ಮಂದಿರಾದ ಸುಖದೇವರು 1958ರಲ್ಲಿ ಬೇರೊಂದು ಪಕ್ಷವನ್ನೇ ಕಟ್ಟಿದರು. ಆದರೂ 1948ರ ಚುನಾವಣೆಯಲ್ಲಿ ಕಾರ್ಮಿಕ ಪಕ್ಷದವರಿಗೂ ಅದರ ಒಲವುಳ್ಳವರಿಗೂ ಬಹುಮತ ಬಂದುದಕ್ಕೆ ಈ ಪಾಠಶಾಲೆಗಳೂ ಕಾರಣವೆಂಬುದನ್ನು ಮರೆಯಲಾಗದು.

ಗವರ್ನರರು ಸಂಪ್ರದಾಯಸ್ಥರನ್ನೇ ಹೆಚ್ಚಾಗಿ ನಾಮಕರಣಮಾಡಿ ಆ ಬಹುಮತವನ್ನು ನಿಷ್ಫಲಗೊಳಿಸಿದರು. 1959ರಲ್ಲಿ ಸಾರ್ವತ್ರಿಕ ವಯಸ್ಕ ಮತದಾನವು ಬಂದಮೇಲೆ ಇಂತಹ ತಡೆ ನಿಲ್ಲಲಿಲ್ಲ. ಶಿವಸಾಗರ ರಾಮ್‌ಗುಲಾಮರ ನಾಯಕತ್ವದಲ್ಲಿ ಪಕ್ಷವು ಮಿತ್ರಪಕ್ಷಗಳೊಡನೆ 1967ರಲ್ಲಿ ಗೆದ್ದು, 1968ನೆಯ ಮಾರ್ಚ್ 12ರಂದು ದೇಶವು ಸ್ವತಂತ್ರವಾಯಿತು. ಆ ಮಿತ್ರರಲ್ಲಿ ಸುಖದೇವರ ಪಕ್ಷವೂ ಒಂದು.

ಅದೇ ಮತದಾರರು 1982ರಲ್ಲಿ ಪಕ್ಷಕ್ಕೆ ಒಂದು ಚುನಾಯಿತ ಸ್ಥಾನವನ್ನೂ ಕೊಡಲಿಲ್ಲ. 2024ರಲ್ಲಿ ಅದರ ಕೂಟಕ್ಕೆ 62ರಲ್ಲಿ 60ನ್ನು ಕೊಟ್ಟರು. ಅಕ್ಷರ ಕಲಿತ ಜನ ಯಾರ ಸ್ವತ್ತೂ ಅಲ್ಲ. ಆದುದರಿಂದ ಪಕ್ಷದ ಚರಿತ್ರೆಯನ್ನು ಬರೆಯುವವರು ಅದರ ಸಭೆ ಮುಷ್ಕರಗಳೊಡನೆ, ಹೊರಗೆ ನಿಂತು ಕಲಿಸಿದವರ ಶ್ರಮವನ್ನೂ ಗಣನೆಗೆ ತಂದುಕೊಳ್ಳುವುದು ನ್ಯಾಯವಾಗಿದೆ.