ಬಸಿರ ಬಳಿವಿಡಿದು

ಭದ್ರಾವತಿಯ ನ್ಯೂಟೌನ್, ಪೇಪರ್ ಟೌನ್ ಕಡೆಯ ಸಾಲುಮನೆಗಳಲ್ಲಿ ಹೊಟ್ಟೆ ನೋವು ಬಂದ ಮಗು ತಮಿಳರ ಮನೆಯದಾದರೆ ‘ವಯಿತ್ತು ವಲಿ’ ಎಂದು ಅಳುತ್ತದೆ, ತೆಲುಗರ ಮನೆಯದಾದರೆ ‘ಕಡುಪು ನೊಪ್ಪಿ’ ಎನ್ನುತ್ತದೆ, ನಮ್ಮ ಮನೆಯದಾದರೆ ‘ಹೊಟ್ಟೆ ನೋವು’. 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆಯೂ ಅದರ ಹಿಂದೆ ಬಂದ ಕಾಗದದ ಕಾರ್ಖಾನೆಯೂ ನಾಲ್ಕಾರು ಸೀಮೆಗಳ ಸಂಸಾರಗಳನ್ನು ಒಂದೇ ನಲ್ಲಿಯ ಮುಂದೆ ನಿಲ್ಲಿಸಿದ್ದರಿಂದ ಪದಪ್ರೇಮಿಗಳಾದ ನಮಗೆ ಆಗಿರುವ ಲಾಭ ಸಣ್ಣದಲ್ಲ. ಆ ತಮಿಳು ಮಗುವಿನ ‘ವಯಿಱು’ ಬೇರೆ ಯಾವುದೂ ಅಲ್ಲ, ನಮ್ಮ ‘ಬಸಿರು’.

ತಮಿಳಿನ ವಕಾರಕ್ಕೆ ನಮ್ಮಲ್ಲಿ ಬಕಾರ ಎಂಬುದು ನಮಗೆಲ್ಲ ತಿಳಿದ ಸಂಗತಿ: ವೇರ್ ಬೇರಾಯಿತು, ವಾೞೈ ಬಾಳೆಯಾಯಿತು, ದಾರಿ ಎಂಬರ್ಥದ ವೞಿ ನಮ್ಮಲ್ಲಿ ಬೞಿ, ಆಮೇಲೆ ಬಳಿ. ನಡುವಿನ ಯಕಾರಕ್ಕೆ ಸಕಾರ ಬರುವುದು ಇನ್ನೂ ಸೊಗಸು. ಅವರ ಉಯಿರ್ ನಮ್ಮ ಉಸಿರು, ಅವರ ಪೆಯರ್ ನಮ್ಮ ಪೆಸರ್, ಈಗಿನ ಹೆಸರು, ಅವರ ವಯಿಱು ನಮ್ಮ ಬಸಿಱ್. ಇಲ್ಲಿ ಮೂಲದ ಊಷ್ಮಧ್ವನಿಯನ್ನು ಉಳಿಸಿಕೊಂಡದ್ದು ಕನ್ನಡವೇ, ಸವೆಸಿ ಯಕಾರ ಮಾಡಿಕೊಂಡದ್ದು ತಮಿಳು ಎಂದು ದ್ರಾವಿಡ ಭಾಷಾವಿಜ್ಞಾನಿಗಳು ಹೇಳುವಾಗ ನಮಗೆ ಒಳಗೊಳಗೇ ಸ್ವಲ್ಪ ಬೀಗು ಬಂದರೆ ತಪ್ಪಿಲ್ಲ. ಆ ಕೊನೆಯ ಱಕಾರ ಮಾತ್ರ ಕಾಲಾಂತರದಲ್ಲಿ ಸಾಮಾನ್ಯ ರಕಾರದೊಳಗೆ ಕರಗಿಹೋಗಿ, ಬಸಿರು, ಬಸುರು, ಬಸರು ಎಂದು ಸ್ವರ ಸಡಿಲಾಗಿ, ಧಾರವಾಡದ ಕಡೆ ‘ಬಸರಾಗ್ಯಾಳ’ ಎಂದೂ ಮಲೆನಾಡಿನಲ್ಲಿ ನಡುವಣ ಸ್ವರವನ್ನೇ ನುಂಗಿ ‘ಬಸ್ರಿ’ ಎಂದೂ ನಿಂತಿದೆ.

ಹಳಗನ್ನಡದಲ್ಲಿ ಬಸಿಱು ಗಂಡಿಗೂ ಇತ್ತು. ಬಸಿಱೆಂದರೆ ಬರಿಯ ಹೊಟ್ಟೆ, ಒಡಲು, ಯಾವುದೇ ವಸ್ತುವಿನ ಒಳಗು. ಕುಮಾರವ್ಯಾಸನ ಕಾಲಕ್ಕೂ ರಣರಂಗದಲ್ಲಿ ಬಗಿಯುವ ಬಸುರು ಮೀಸೆ ಹೊತ್ತ ಭಟರದೇ. ಆಮೇಲೆ ಪೊಟ್ಟೆ ಹೊಟ್ಟೆಯಾಗಿ ಊರೆಲ್ಲ ಹರಡಿ, ಹೊಟ್ಟೆಪಾಡು, ಹೊಟ್ಟೆಕಿಚ್ಚು, ಹೊಟ್ಟೆಬಾಕ ಎಂದು ಹಸಿವು ಅಸೂಯೆಗಳನ್ನೆಲ್ಲ ತಾನೇ ವಹಿಸಿಕೊಂಡಿತು, ಬಸಿರಿಗೆ ಉಳಿದದ್ದು ಒಂದೇ ಕೆಲಸ, ಹೊರುವುದು. ತೆಲುಗಿನ ಕಡುಪು ಇಂದಿಗೂ ಎರಡನ್ನೂ ಮಾಡುತ್ತಿದೆ. ತುಳುವಿನಲ್ಲಿ ಹೊಟ್ಟೆ ‘ಬಂಜಿ’, ಬಸುರಿ ‘ಬಂಜಿನಾಳ್’. ಘಟ್ಟ ಹತ್ತಿ ಬಂದರೆ ನಮ್ಮಲ್ಲಿ ‘ಬಂಜೆ’ ಎಂದರೆ ಹೆರದವಳು. ಆದರೆ ಇವೆರಡಕ್ಕೂ ರಕ್ತಸಂಬಂಧವಿಲ್ಲ, ನಮ್ಮ ಬಂಜೆ ಸಂಸ್ಕೃತದ ವಂಧ್ಯಾ ಪ್ರಾಕೃತದಲ್ಲಿ ಮುಖ ತೊಳೆದು ಬಂದ ರೂಪ.

ಸಂಸ್ಕೃತದ ‘ಗರ್ಭ’ವೂ ಹಾಗೆಯೇ ಪ್ರಾಕೃತದ ಮೂಲಕ ‘ಗಬ್ಬ’ವಾಗಿ ಬಂದು ನೇರ ಕೊಟ್ಟಿಗೆ ಹೊಕ್ಕಿತು. ಹಸು ಗಬ್ಬವಾಗುತ್ತದೆ, ಹೆಂಗಸು ಬಸುರಿಯಾಗುತ್ತಾಳೆ, ತತ್ಸಮದ ಗರ್ಭಿಣಿಯಾಗುವುದು ಕಾಗದದ ಮೇಲೆ, ತಾಯಿ ಕಾರ್ಡಿನಲ್ಲಿ. ದಿನ ತುಂಬದೆ ಕರು ಬಿದ್ದರೆ ದನ ‘ಕಂದು ಹಾಕಿತು’ ಎನ್ನುತ್ತೇವೆ, ಪಶುವೈದ್ಯರೂ ಬ್ರೂಸೆಲ್ಲೋಸಿಸ್‌ಗೆ ‘ಕಂದು ಹಾಕುವ ರೋಗ’ ಎಂದೇ ಬರೆಯುತ್ತಾರೆ. ಇನ್ನು ಪೈರು. ಸಾಗರ, ಸೊರಬ, ಹೊಸನಗರಗಳ ಗದ್ದೆಗಳಲ್ಲಿ ಭತ್ತ ಹೊಡೆಯಾಗುವ ಹೊತ್ತಿಗೆ, ಆಶ್ವಯುಜದ ಹುಣ್ಣಿಮೆಯಂದು, ಭೂಮಿಯೇ ಬಸುರಿ. ಭೂಮಿ ಹುಣ್ಣಿಮೆ ಆಕೆಯ ಬಯಕೆಯ ಹಬ್ಬ. ದೀವರ ಹೆಂಗಸರು ಬಿಳಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಬಗೆಬಗೆಯ ಸೊಪ್ಪು ಬೇಯಿಸಿದ ಹಚ್ಚಂಬಲಿ ತುಂಬಿಕೊಡುತ್ತಾರೆ, ಅದನ್ನು ಗದ್ದೆಗೆ ಬೀರುತ್ತಾರೆ. ಈ ಬಯಕೆಗೆ ಸಂಸ್ಕೃತದಲ್ಲಿ ದೌಹೃದ, ದೋಹದ. ನಾಲ್ಕನೆಯ ತಿಂಗಳಿಗೆ ಕೂಸಿನ ಹೃದಯ ಮೂಡುವುದರಿಂದ ತಾಯಿ ‘ಎರಡು ಹೃದಯದವಳು’ ಎಂದು ಸುಶ್ರುತ ನಿರ್ವಚನ ಹೇಳಿದ.

ಆ ನಾಲ್ಕನೆಯ ತಿಂಗಳನ್ನು ಸ್ವಲ್ಪ ಹಿಡಿದುಕೊಳ್ಳೋಣ. ಸುಶ್ರುತನ ಲೆಕ್ಕದಲ್ಲಿ ನಾಲ್ಕು ತಿಂಗಳವರೆಗೆ ಹೋದದ್ದು ‘ಸ್ರಾವ’, ಐದು ಆರನೆಯ ತಿಂಗಳಲ್ಲಿ ಶರೀರ ಗಟ್ಟಿಯಾದ ಮೇಲೆ ಹೋದದ್ದು ‘ಪಾತ’, ಒಂದು ಹರಿಯುವುದು, ಇನ್ನೊಂದು ಬೀಳುವುದು. 1860ರ ದಂಡಸಂಹಿತೆಯ 312ನೆಯ ಕಲಮೂ ಕೂಸು ಮಿಸುಕುವ ಮುಂಚೆ ತೆಗೆಸಿದರೆ ಮೂರು ವರ್ಷ, ಮಿಸುಕಿದ ಮೇಲಾದರೆ ಏಳು ವರ್ಷ ಎಂದು ಅದೇ ಜಾಗದಲ್ಲಿ ಗೆರೆ ಎಳೆಯಿತು. 2024ರ ಜುಲೈನಿಂದ ಆ ಕಲಮು ನ್ಯಾಯ ಸಂಹಿತೆಯ 88 ಆಗಿದೆ. ನಾವೀಗ ಸ್ರಾವ ಪಾತಗಳ ಭೇದ ಮರೆತು ಎಲ್ಲಕ್ಕೂ ‘ಗರ್ಭಪಾತ’ ಎನ್ನುತ್ತೇವೆ, ತಾನಾಗಿ ಹೋದದ್ದಕ್ಕೂ ಮಾಡಿಸಿದ್ದಕ್ಕೂ. ನಾಮಪದ ಕಳೆದುಕೊಂಡ ಆ ಭೇದವನ್ನು ಉಳಿಸಿಟ್ಟಿರುವುದು ಕನ್ನಡದ ಕ್ರಿಯಾಪದ, ನನಗೆ ಈ ಲೇಖನದಲ್ಲಿ ಮುಖ್ಯವಾದದ್ದೂ ಅದೇ.

ಮೊದಲು ‘ನಿಲ್ಲು’ ನೋಡಿ. ‘ಮುಟ್ಟು ನಿಂತಿತು’ ಎಂದರೆ ಬರುವುದು ಬಾರದಾಯಿತು, ‘ಗರ್ಭ ನಿಂತಿತು’ ಎಂದರೆ ಬಂದದ್ದು ನೆಲೆಗೊಂಡಿತು. ಒಂದೇ ಧಾತು ಇತ್ತ ತಡೆದು ಅತ್ತ ನೆಲೆಗೊಳಿಸುತ್ತದೆ. ನಿಂತದ್ದು ಹೋಗುವಾಗ ‘ಬಸಿರು ಇಳಿಯಿತು’, ‘ಹೋಯಿತು’, ‘ಕರಗಿತು’ ಎಂದು ಅಕರ್ಮಕಗಳು ಸಾಲಾಗಿ ಬರುತ್ತವೆ, ಅಲ್ಲಿ ಯಾರ ಕೈಯೂ ಇಲ್ಲ. ‘ಇಸು’ ಸೇರಿತೋ, ಕೈ ಬಂತು: ಇಳಿಸಿದರು, ತೆಗೆಸಿದರು, ತೊಳೆಸಿದರು. ‘ಕ್ಲೀನ್ ಮಾಡಿಸಿದ್ರು’ ಎಂಬ ಈಚಿನ ಮಾತೂ ಇದೇ ಅಚ್ಚಿನದು. ಈ ವಾಕ್ಯಗಳಲ್ಲಿ ಕರ್ತೃ ಯಾವಾಗಲೂ ಬಹುವಚನ, ಯಾವಾಗಲೂ ಅಧ್ಯಾಹಾರ. ‘ಅವಳಿಗೆ ತೆಗೆಸಿದರು’: ತೆಗೆಸಿದವರು ತಾಯಿಯೋ, ಅತ್ತೆಯೋ, ಗಂಡನೋ, ಹೇಳುವ ಅಗತ್ಯವಿಲ್ಲ, ಬಸಿರು ಯಾರದೋ ಅವಳು ಚತುರ್ಥೀ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತಿದ್ದಾಳೆ. ಅವಳು ಪ್ರಥಮೆಗೆ ಬರಬೇಕಾದರೆ ನಮ್ಮ ಹಳೆಯ ಕೊಳ್ಧಾತುವೇ ಬರಬೇಕು. ‘ಅವಳು ತೆಗೆಸಿಕೊಂಡಳು.’ ತೆಗೆಸುವುದಕ್ಕೂ ತೆಗೆಸಿಕೊಳ್ಳುವುದಕ್ಕೂ ನಡುವೆ ಇರುವ ಈ ‘ಕೊಳ್’ ಇದೆಯಲ್ಲ, ಗರ್ಭಪಾತದ ಬಗ್ಗೆ ನಡೆಯುವ ಜಗಳದ ಅರ್ಧ ಭಾಗ ಅಲ್ಲೇ ಕೂತಿದೆ.

ಉಳಿದರ್ಧ ಕೂತಿರುವುದು ಸಂಸ್ಕೃತದ ನಾಮಪದಗಳಲ್ಲಿ, ಏಕೆಂದರೆ ಅವು ತೀರ್ಪನ್ನು ಬಗಲಲ್ಲೇ ಇಟ್ಟುಕೊಂಡು ಬರುತ್ತವೆ. ‘ಭ್ರೂಣಹತ್ಯೆ’ ಎಂದ ಮೇಲೆ ವಾದಕ್ಕೇನು ಉಳಿಯಿತು? ಪಾಣಿನಿ ಒಂದೇ ಸೂತ್ರದಲ್ಲಿ ಬ್ರಹ್ಮಹ, ಭ್ರೂಣಹ, ವೃತ್ರಹ ಮೂವರನ್ನೂ ಸಾಧಿಸಿ ಕೊಡುತ್ತಾನೆ. ಸ್ವಾರಸ್ಯವೆಂದರೆ ಆ ಭ್ರೂಣ ಯಾವಾಗಲೂ ಹೊಟ್ಟೆಯ ಪಿಂಡವೇ ಅಲ್ಲ, ವೇದವೇದಾಂಗ ಬಲ್ಲ ಬ್ರಾಹ್ಮಣನಿಗೂ ಭ್ರೂಣ ಎಂಬ ಅರ್ಥ ಕೋಶಗಳಲ್ಲೂ ಧರ್ಮಸೂತ್ರಗಳ ವ್ಯಾಖ್ಯಾನಗಳಲ್ಲೂ ಇದೆ. ಇಂದಿನ ಕನ್ನಡದಲ್ಲಿ ಆ ಪದ ಇನ್ನೂ ಕಿರಿದಾಗಿ, ಲಿಂಗಪತ್ತೆ ತಡೆಯುವ 1994ರ ಕಾಯ್ದೆಯ ನೆರಳಿನಲ್ಲಿ, ಹೆಚ್ಚುಕಡಿಮೆ ‘ಹೆಣ್ಣುಭ್ರೂಣ’ ಎಂಬ ಸಮಾಸದೊಳಗೇ ಬದುಕುತ್ತಿದೆ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದ ದಂಧೆ ಬಯಲಾದಾಗ ಆ ಬಿರುಸಿನ ಪದ ಸರಿಯಾಗಿಯೇ ಇತ್ತು. ಆದರೆ ಅದೇ ಪದವನ್ನು ಎಂಟು ವಾರದ, ಕಾನೂನು ಒಪ್ಪಿದ, ಅವಳೇ ಕೇಳಿ ಬಂದ ಗರ್ಭಪಾತದ ಮೇಲೆ ಎಸೆಯುವವರು ಎರಡು ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ಹುಟ್ಟದ ಜೀವಕ್ಕೂ ಹಕ್ಕಿದೆ ಎಂದು ಮನಸಾರೆ ನಂಬುವವರ ಬಗ್ಗೆ ನನಗೆ ಗೌರವವಿದೆ. ಅವರು ಹಾಗೆಂದೇ ಹೇಳಲಿ, ಹತ್ಯೆ ಎಂಬ ಪದದ ಹಿಂದೆ ನಿಂತು ಹೇಳುವುದು ಬೇಡ.

ಮದುವೆಗೆ ಮುಂಚಿನ ಬಸಿರಿಗೆ ಶಾಸ್ತ್ರಕಾರರು ಹೆಸರಿಟ್ಟದ್ದು ತಾಯಿಯ ಕಡೆಯಿಂದಲ್ಲ, ಮಗನ ಕಡೆಯಿಂದ. ಕನ್ಯೆಗೆ ಹುಟ್ಟಿದವನು ‘ಕಾನೀನ’ (ಇದಕ್ಕೂ ಪಾಣಿನಿಯದೇ ಸೂತ್ರ), ಬಸುರಿಯಾಗಿಯೇ ಹಸೆಗೇರಿದವಳ ಮಗ ‘ಸಹೋಢ’. ಮನು ಇಬ್ಬರನ್ನೂ ಹನ್ನೆರಡು ಬಗೆಯ ಪುತ್ರರ ಪಟ್ಟಿಯಲ್ಲಿ ಸೇರಿಸಿ ಯಾರ ಪಾಲಿಗೆ ಎಂದು ಹಂಚಿದ. ಕರ್ಣನೂ ವ್ಯಾಸನೂ ಕಾನೀನರು, ಒಬ್ಬನಿಲ್ಲದೆ ಭಾರತದ ಯುದ್ಧವಿಲ್ಲ, ಇನ್ನೊಬ್ಬನಿಲ್ಲದೆ ಭಾರತವೇ ಇಲ್ಲ. ಹುಡುಗಿಯನ್ನು ಹಿಡಿದು ಮಾತಾಡಿದ್ದು ನಮ್ಮ ಆಡುನುಡಿ, ಅದೂ ಕರುಣೆಯಿಂದಲ್ಲ: ‘ಕಳ್ಳಬಸಿರು’. ಬಸಿರಿಗೆ ಕಳ್ಳತನ ಅಂಟಿಸಿದ ಆ ಸಮಾಸದಲ್ಲಿ ಕಳ್ಳ ಯಾರೆಂಬುದು ಮಾತ್ರ ಕಾಣೆ. ಬಸಿರು ಎದ್ದು ಕಾಣುತ್ತದೆ, ಕಳ್ಳ ಕಾಣುವುದಿಲ್ಲ.

ತೀರ್ಥಹಳ್ಳಿ ತಾಲ್ಲೂಕು ಇಂಥ ಬಸಿರನ್ನು ನಮ್ಮ ಸಾಹಿತ್ಯದ ನಡುಮನೆಗೆ ತಂದಿತು. ಮೇಳಿಗೆಯ ಅನಂತಮೂರ್ತಿ ಬರೆದ, ಕೆಸಲೂರಿನ ಗಿರೀಶ ಕಾಸರವಳ್ಳಿ 1977ರಲ್ಲಿ ತೆರೆಗೆ ತಂದು ಸ್ವರ್ಣಕಮಲ ಪಡೆದ ‘ಘಟಶ್ರಾದ್ಧ’ದಲ್ಲಿ ವಿಧವೆ ಯಮುನಕ್ಕನ ಬಸಿರನ್ನು ತೆಗೆಸುತ್ತಾರೆ. ಆಮೇಲೆ ಅಪ್ಪ ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾನೆ, ಗಡಿಗೆ ಒಡೆಯುತ್ತದೆ. ಘಟ ಎಂದರೆ ಮಡಕೆ, ಶರೀರ, ಕುಂಭಸಂಭವರ ಕತೆ ಬಲ್ಲವರಿಗೆ ಗರ್ಭವೂ ಹೌದು. ಶಿಷ್ಟಾಚಾರದ ಭಾಷೆಗೆ ಅವಳ ಬಸಿರಿಗೊಂದು ಹೆಸರಿರಲಿಲ್ಲ, ಅವಳನ್ನು ಅಳಿಸುವ ಕರ್ಮಕ್ಕೆ ಮಾತ್ರ ಚೊಕ್ಕವಾದ ತತ್ಸಮ ಸಿದ್ಧವಿತ್ತು.

ಇನ್ನು ಬಸಿರೇ ನಿಲ್ಲದಂತೆ ನೋಡಿಕೊಳ್ಳಿ ಎನ್ನುವ ಸಂಯಮದ ಪಕ್ಷದವರ ಪದ ‘ಬ್ರಹ್ಮಚರ್ಯ’. ವೇದ ಕಲಿಯುವ ವಟುವಿನ ನಡೆ ಎಂಬುದು ಮೊದಲ ಅರ್ಥ. ಕನ್ನಡದಲ್ಲಿ ಸವೆದೂ ಸವೆದೂ ‘ಅವನಿನ್ನೂ ಬ್ರಹ್ಮಚಾರಿ’ ಎಂದರೆ ಮದುವೆಯಾಗಿಲ್ಲ ಎಂದಷ್ಟೇ. 1927ರಲ್ಲಿ ಭದ್ರಾವತಿಯ ಕಾರ್ಖಾನೆ ನೋಡಿಹೋದ ಗಾಂಧಿ 1935ರಲ್ಲಿ ವಾರ್ಧಾದಲ್ಲಿ ಮಾರ್ಗರೆಟ್ ಸ್ಯಾಂಗರ್ ಜೊತೆ ವಾದಿಸಿದ್ದು ಈ ಪದದ ಬಲದ ಮೇಲೆಯೇ. ಸಂತಾನ ನಿಯಂತ್ರಣಕ್ಕೆ ಸಂಯಮವೇ ಸಾಧನ, ಸಲಕರಣೆಯಲ್ಲ ಎಂದು. ಆದರೆ ಶಿವಮೊಗ್ಗೆ ಭದ್ರಾವತಿಗಳನ್ನು ಆಳುತ್ತಿದ್ದ ಮೈಸೂರು ಸರ್ಕಾರ ಅದಕ್ಕೂ ಮುಂಚೆ, 1930ರಲ್ಲೇ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆಯಲು ಆಜ್ಞೆ ಮಾಡಿತ್ತು. ಸಂಯಮ ಕೆಟ್ಟದ್ದೆಂದು ಯಾರೂ ಹೇಳುವುದಿಲ್ಲ. ಪದ ಹುಟ್ಟಿದ್ದು ವಟುವಿಗಾಗಿ, ಉಪದೇಶ ಮಾತ್ರ ಸದಾ ಹುಡುಗಿಗೆ.

ಈಚಿನ ಹುಟ್ಟು ‘ಬಾಲಗರ್ಭಿಣಿ’. ‘ಹದಿಹರೆಯ’ದಲ್ಲಾದರೂ ಹದಿಮೂರು ಹದಿನಾಲ್ಕರ ‘ಹದಿ’ ಎಷ್ಟು ಲಕ್ಷಣವಾಗಿ ಕೂತಿದೆ. ಬಾಲಗರ್ಭಿಣಿಯಲ್ಲಿ ಎರಡು ತತ್ಸಮಗಳು ಒಂದನ್ನೊಂದು ನೋಡಿ ಬೆದರಿವೆ. 2025ರ ಆಗಸ್ಟಿನಲ್ಲಿ ಯಾದಗಿರಿ ಜಿಲ್ಲೆಯ ಶಹಾಪುರದ ವಸತಿ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿ ಶೌಚಾಲಯದಲ್ಲಿ ಹೆತ್ತ ಸುದ್ದಿ ಬಂದಾಗ ಊರೂರಲ್ಲೂ ಒಂದೇ ಪ್ರಶ್ನೆ: ಇಷ್ಟು ತಿಂಗಳು ಯಾರಿಗೂ ಗೊತ್ತಾಗಲಿಲ್ಲವೇ? ಗೊತ್ತಾಗಬೇಕಾದರೆ ಅವಳು ಹೇಳಬೇಕು, ಹೇಳಲು ಅವಳ ಬಾಯಿಗೆ ಒಂದು ಮಾತು ಬೇಕು. ‘ಕಳ್ಳಬಸಿರು’ ಎಂದು ತನ್ನನ್ನು ತಾನೇ ಯಾರು ಕರೆದುಕೊಂಡಾರು?

ಕಾನೂನಿನ ಮಾತು ಮೆಲ್ಲಗೆ ಕೊಳ್ಧಾತುವಿನ ಕಡೆ ಜರುಗುತ್ತಿದೆ. 1971ರ ಗರ್ಭಪಾತ ಕಾಯ್ದೆಯ ವಾಕ್ಯಗಳಲ್ಲಿ ಕರ್ತೃ ವೈದ್ಯರು, ಅವರ ಅಭಿಪ್ರಾಯವೇ ಎಲ್ಲ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಮದುವೆಯಾಗದವಳಿಗೂ ಮದುವೆಯಾದವಳಷ್ಟೇ ಹಕ್ಕಿದೆ, ನಿರ್ಧಾರ ಅವಳದು ಎಂದಿತು. ಹದಿನೆಂಟು ತುಂಬದವಳಿಗೆ ಮಾತ್ರ ಇನ್ನೂ ‘ತೆಗೆಸು’ವೇ, ಪೋಷಕರ ಲಿಖಿತ ಒಪ್ಪಿಗೆ ಬೇಕು. ಪೋಕ್ಸೊ ಕಾಯ್ದೆಯಂತೆ ವೈದ್ಯರು ಪೊಲೀಸರಿಗೆ ತಿಳಿಸಲೂಬೇಕು, ಆದರೆ ಹುಡುಗಿಯೂ ಪೋಷಕರೂ ಕೇಳಿಕೊಂಡರೆ ಹೆಸರು ಗುರುತು ಹೇಳಬೇಕಾಗಿಲ್ಲ ಎಂದು ಅದೇ ತೀರ್ಪು ಹೇಳಿದೆ. ಜನ ಎಣಿಸುವುದು ತಿಂಗಳು, ಕಾಯ್ದೆ ಎಣಿಸುವುದು ವಾರ: 2021ರ ತಿದ್ದುಪಡಿಯಂತೆ ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಅಪ್ರಾಪ್ತೆಯರೂ ಅತ್ಯಾಚಾರಕ್ಕೆ ಒಳಗಾದವರೂ ಸೇರಿದಂತೆ ಕೆಲವರಿಗೆ ಇಪ್ಪತ್ತನಾಲ್ಕು ವಾರದವರೆಗೆ ಇಬ್ಬರದು. ಆದ್ದರಿಂದ ಮನೆಯ ಹುಡುಗಿ ಹೇಗೋ ಬಾಯಿ ಬಿಟ್ಟು ‘ಮುಟ್ಟು ನಿಂತಿದೆ’ ಎಂದರೆ, ಅವಳ ಬಸಿರಿಗೆ ವಿಶೇಷಣ ಹುಡುಕುತ್ತ ಕೂರಬೇಡಿ. ವಾರ ಎಣಿಸಿ, ಅವಳಿಗೇನು ಬೇಕೆಂದು ಅವಳನ್ನೇ ಕೇಳಿ, ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಅಂದೇ ಕರೆದುಕೊಂಡು ಹೋಗಿ.